ಕೃಪೆ ಎಂದರೆ ಕೂಲಿಯಲ್ಲ

"ದೇವರ ಕೃಪೆ, ಎಲ್ಲ ಚೆನ್ನಾಗಿದ್ದೀವಿ" ಅಂತ ಸುಮ್ನೆ ಮಾತಿಗೆ ಹೇಳುತ್ತೇವೆ. ಕ್ರೈಸ್ತರಲ್ಲಿ ಈ ಪದದ ಅರ್ಥ ಇನ್ನಷ್ಟು ಬಿಗಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ 'ಖಾರಿಸ್'. ಕನ್ನಡ ಬೈಬಲಿನಲ್ಲಿ ಅದು ಕೃಪೆ. ಕಥೋಲಿಕರ ಬಾಯಲ್ಲಿ ವರಪ್ರಸಾದ ಎಂದೂ ಕೇಳುತ್ತೀರಿ.

ಇದರ ಎದುರು ಪದ ಕೋಪ ಅಂದುಕೊಳ್ಳುವವರೇ ಜಾಸ್ತಿ. ಹೊಸ ಒಡಂಬಡಿಕೆಯ ಹಲವು ಪತ್ರಗಳನ್ನು ಬರೆದ ಪೌಲ ಎದುರಿಗಿಡುವುದು ಕೂಲಿಯನ್ನು. ಕೆಲಸ ಮಾಡಿದವನಿಗೆ ಬರುವ ಕೂಲಿ ಕೃಪೆಯಲ್ಲ, ಸಲ್ಲಬೇಕಾದ ಸಾಲ ಎಂದು ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಹೇಳುತ್ತಾನೆ. ದುಡಿದವನು ಕೇಳಿ ಪಡೆಯಬಹುದು. ಪಾಪದಿಂದ ಬಿಡುಗಡೆ ಹಾಗಲ್ಲ. ಯೇಸುವಿನ ಶಿಲುಬೆ ಮರಣದಿಂದ ಪುಕ್ಕಟೆಯಾಗಿ ಸಿಗುವಂಥದ್ದು ಎನ್ನುತ್ತದೆ ಕ್ರೈಸ್ತ ಬೋಧನೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ ನೋಡಿ. ಆಸ್ತಿ ಹಾಳು ಮಾಡಿ, ಹಂದಿ ಮೇಯಿಸುತ್ತಾ ಹಸಿದಿದ್ದ ಮಗ ಮನೆಗೆ ಹೊರಡುತ್ತಾನೆ. ಏನು ಹೇಳಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದಾನೆ: ತಪ್ಪಾಯಿತು, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ದೂರದಲ್ಲೇ ಕಂಡ ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಮಗ ಮೊದಲೆರಡು ಮಾತು ಹೇಳುತ್ತಾನೆ. ಕೂಲಿಯಾಳಿನ ಮಾತು ಬರುವಷ್ಟರಲ್ಲಿ ಅಪ್ಪ ಬಟ್ಟೆ, ಉಂಗುರ, ಕೆರ ತರಿಸುತ್ತಿದ್ದಾನೆ!

ಹಿರಿಯ ಮಗ ಮಾತ್ರ ಒಳಗೆ ಬರಲು ಒಲ್ಲ. ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಅವನ ತಕರಾರು. ನನಗಂತೂ ಅವನದು ನ್ಯಾಯದ ಮಾತೇ ಅನ್ನಿಸುತ್ತದೆ. ಆದರೆ ಅದು ಕೂಲಿಯ ಲೆಕ್ಕ.

ಹಾಗಾದರೆ ನಂಬಿಕೆ ಎಲ್ಲಿ ಬಂತು? ನಂಬಿದ್ದಕ್ಕೆ ದೇವರು ಕೊಟ್ಟ ಅಂದರೆ ನಂಬಿಕೆಯೂ ಇನ್ನೊಂದು ದುಡಿಮೆ ಆಗಿಬಿಡುತ್ತದೆ, ಅಲ್ವಾ? ಎಫೆಸದವರಿಗೆ ಬರೆದ ಪತ್ರದಲ್ಲಿ (2:8) ಅದಕ್ಕೇ ಕೃಪೆ'ಯಿಂದ', ನಂಬಿಕೆಯ 'ಮೂಲಕ' ಎಂದಿದೆ. ಕಿರಿಯ ಮಗ ಅಪ್ಪನ ಜೊತೆ ಒಳಗೆ ಹೋದನಲ್ಲ, ನಂಬಿಕೆ ಅಂದರೆ ಅಷ್ಟೇ. ದೇವರಿದ್ದಾನೆ ಎಂದು ಒಪ್ಪಿಕೊಂಡರೆ ಸಾಲದು; ದೆವ್ವಗಳೂ ಅದನ್ನು ನಂಬಿ ನಡುಗುತ್ತವೆ ಎಂದು ಹೊಸ ಒಡಂಬಡಿಕೆಯ ಇನ್ನೊಂದು ಪತ್ರದಲ್ಲಿ ಯಾಕೋಬ ಚುಚ್ಚುತ್ತಾನೆ. ಕೆಲಸವಿಲ್ಲದ ನಂಬಿಕೆ ಸತ್ತದ್ದು ಎನ್ನುವವನೂ ಅವನೇ.

ನಂಬಿಕೆ, ಕೆಲಸ ಈ ಎರಡನ್ನು ಹೊಂದಿಸುವುದರಲ್ಲೇ ಜಗಳ ಹುಟ್ಟಿತು. ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮಾಪುರ 3:28ಕ್ಕೆ 'ಮಾತ್ರ' ಎಂಬ ಪದ ಸೇರಿಸಿ, ನಂಬಿಕೆಯಿಂದ ಮಾತ್ರ ಎಂದ. ಗ್ರೀಕಿನಲ್ಲಿ ಆ ಪದ ಇಲ್ಲ. ಕಥೋಲಿಕರು ಮತ್ತು ಲೂಥರನ್ನರು ಈ ವಿಷಯದಲ್ಲಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ ಎಂಬಲ್ಲಿ ಇಬ್ಬರೂ ಒಂದಾದರು.