ಬಿರಡೆ ಹಾರಿಸಿದ ಎಣ್ಣೆ

ರೈಲುಗಾಡಿಯ ಅಚ್ಚಿಗೆ ಎಣ್ಣೆ ಹೇಗೆ ಉಣಿಸಿದರೆ ಉಜ್ಜಾಟ ಕಡಿಮೆಯಾದೀತು? ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ಇದನ್ನು ಪರೀಕ್ಷಿಸಿ 1883ರಲ್ಲಿ ವರದಿ ಕೊಟ್ಟರು. ತಿರುಗುವ ಅಚ್ಚಿನ ಮೇಲೆ ಅರ್ಧ ಬೇರಿಂಗನ್ನು, ಅಂದರೆ ಅಚ್ಚಿಗೆ ಆಸರೆ ಕೊಟ್ಟು ತಿರುಗಲು ಬಿಡುವ ಭಾಗವನ್ನು, ಕವುಚಿ ಭಾರ ಹೇರಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು. ಬೇರಿಂಗಿನ ನೆತ್ತಿಗೆ ತೂತು ಕೊರೆದಾಗ ಎಣ್ಣೆ ಅಲ್ಲಿಂದ ಉಕ್ಕತೊಡಗಿತು. ಬಿರಡೆ ಜಡಿದರು, ಹೊರಬಂತು. ಮರದ ಗೂಟ ಬಡಿದರು, ಅದನ್ನೂ ತಳ್ಳಿತು. ಒತ್ತಡಮಾಪಕ ಜೋಡಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತು. ಹೇರಿದ್ದ ಭಾರದ ಲೆಕ್ಕದಲ್ಲಿ ಸರಾಸರಿ ಒತ್ತಡ ಅದರ ಅರ್ಧದಷ್ಟೇ ಇತ್ತು!

ಅಲ್ಲಿ ಪಂಪ್ ಇರಲಿಲ್ಲ. ಅಚ್ಚೇ ಪಂಪಿನ ಕೆಲಸ ಮಾಡುತ್ತಿತ್ತು. 1886ರಲ್ಲಿ ಬ್ರಿಟಿಷ್ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತ ಬಿಡಿಸಿಟ್ಟರು. ಶಾಫ್ಟು, ಅಂದರೆ ತಿರುಗುವ ಅಚ್ಚು, ತಾನು ಕೂರುವ ಬೇರಿಂಗಿನ ಪೊಳ್ಳಿಗಿಂತ ಕೂದಲೆಳೆಯಷ್ಟು ಸಣ್ಣದು. ಭಾರಕ್ಕೆ ಒಂದು ಕಡೆ ವಾಲಿ ಕೂರುತ್ತದೆ. ಹಾಗಾಗಿ ನಡುವಿನ ಸಂದು ಬರಬರುತ್ತ ಕಿರಿದಾಗುತ್ತದೆ. ಶಾಫ್ಟಿಗೆ ಅಂಟಿಕೊಂಡ ಎಣ್ಣೆ ಆ ಇಕ್ಕಟ್ಟಿಗೆ ನುಗ್ಗಿ, ಬೆಣೆಯಂತೆ ಸಿಕ್ಕಿಕೊಂಡು ಶಾಫ್ಟನ್ನೇ ಎತ್ತಿ ಹಿಡಿಯುತ್ತದೆ. ಮಳೆಯಲ್ಲಿ ಜೋರಾಗಿ ಓಡುವ ಕಾರಿನ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುವುದೂ ಇಂಥದೇ ನೀರಿನ ಬೆಣೆಯಿಂದ. ಗುಂಡುಗಳಿಲ್ಲ, ರೋಲರ್‌ಗಳಿಲ್ಲ, ಆದರೂ ಲೋಹಕ್ಕೆ ಲೋಹ ತಾಗುವುದಿಲ್ಲ. ಕಾರಿನ ಕ್ರ್ಯಾಂಕ್‌ಶಾಫ್ಟು, ವಿದ್ಯುತ್ ಸ್ಥಾವರದ ದೈತ್ಯ ಟರ್ಬೈನು ಹೀಗೆ ಕೆಲವು ಮೈಕ್ರಾನ್‌ಗಳಿಂದ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಾರು ಮೈಕ್ರಾನ್ ದಪ್ಪದ ಎಣ್ಣೆಪೊರೆಯ ಮೇಲೆ ತಿರುಗುತ್ತವೆ. ಯಂತ್ರಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಚೆಂದದ ಸಂಗತಿ ಮತ್ತೊಂದು ಕಂಡಿಲ್ಲ.

ಸವೆತವೇ ಇಲ್ಲವೆಂದಲ್ಲ. ವೇಗ ಬರುವವರೆಗೆ ಪೊರೆ ಹುಟ್ಟುವುದಿಲ್ಲ, ನಿಲ್ಲುವಾಗ ಅದು ಕುಸಿಯುತ್ತದೆ. ಉಜ್ಜಾಟ ನಡೆಯುವುದು ಆ ಎರಡು ಗಳಿಗೆಗಳಲ್ಲಿ. ಅದಕ್ಕೇ ಬೇರಿಂಗಿನ ಒಳಮೈಗೆ ಬೇಕೆಂದೇ ಮೆತ್ತನೆಯ ಲೋಹ ಹಚ್ಚುತ್ತಾರೆ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಪೇಟೆಂಟ್ ಪಡೆದ ಬೇರಿಂಗಿನ ತವರ, ಆಂಟಿಮನಿ, ತಾಮ್ರದ ಮಿಶ್ರಲೋಹಕ್ಕೆ ಇಂದಿಗೂ ಅವರದೇ ಹೆಸರು. ಎಣ್ಣೆಯೊಡನೆ ಮರಳಿನ ಕಣ ಬಂದರೆ ಅದು ಈ ಮೆತ್ತನೆಯ ಪದರದಲ್ಲಿ ಹೂತುಹೋಗುತ್ತದೆ, ದುಬಾರಿ ಶಾಫ್ಟು ಗೀರು ಬೀಳದೆ ಉಳಿಯುತ್ತದೆ.

ಟೇಬಲ್ ಫ್ಯಾನಿನ ಪುಟ್ಟ ಬುಷ್‌ಗೆ, ಅಂದರೆ ಬಳೆಯಂಥ ಸಣ್ಣ ಬೇರಿಂಗಿಗೆ, ಎಣ್ಣೆಕೊಳವೆಯ ಅನುಕೂಲವೆಲ್ಲಿ? ಅದನ್ನು ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡುತ್ತಾರೆ. ಸುಮಾರು ಐದನೇ ಒಂದು ಭಾಗ ಬರೀ ರಂಧ್ರ, ಅದರೊಳಗೆಲ್ಲ ಎಣ್ಣೆ. ಬಿಸಿಯಾದಾಗ ಒಸರುತ್ತದೆ, ತಣ್ಣಗಾದಾಗ ಹಿಂದಕ್ಕೆ ಹೀರಿಕೊಳ್ಳುತ್ತದೆ. ಫ್ಯಾನು ಬಿಗಿಯಾಯಿತೆಂದು ಅಡುಗೆ ಎಣ್ಣೆ ಬಿಡಬೇಡಿ. ಅದು ಕ್ರಮೇಣ ಅಂಟಾಗಿ ರಂಧ್ರಗಳನ್ನು ಮುಚ್ಚುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಎರಡು ಹನಿ ಸಾಕು.