ವ್ಯಾನ್ ರೆನ್ಸೆಲೇರ್: ಒಂದು ಮನೆತನ, ಅದರ ಗೇಣಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿ. ಹಡ್ಸನ್ ನದಿ ದಾಟಿದರೆ ರೆನ್ಸೆಲೇರ್ ಅನ್ನುವ ಊರು. ಆ ಕೌಂಟಿಗೂ ಅದೇ ಹೆಸರು. ಟ್ರಾಯ್‌ನಲ್ಲಿ 1824ರಲ್ಲಿ ಶುರುವಾದ ಪ್ರಸಿದ್ಧ ಇಂಜಿನಿಯರಿಂಗ್ ಕಾಲೇಜಿಗೂ ಅದೇ. ಇವೆಲ್ಲ ಒಂದು ಡಚ್ ಜಮೀನ್ದಾರಿ ಮನೆತನದಿಂದ ಬಂದ ಹೆಸರುಗಳು.

ಡಚ್ಚರ ‘ವ್ಯಾನ್’ ಅಂದರೆ ‘ಇಂಥ ಕಡೆಯವರು’ ಅಂತ. ನೆದರ್‌ಲ್ಯಾಂಡ್ಸ್‌ನ ನೈಕರ್ಕ್ ಹತ್ತಿರ ರೆನ್ಸೆಲೇರ್ ಅನ್ನುವ ಜಮೀನಿತ್ತು. ಅಲ್ಲಿಯವರು ವ್ಯಾನ್ ರೆನ್ಸೆಲೇರ್ ಆದರು.

ಈ ಮನೆಯ ಕಿಲಿಯನ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಜ್ರ, ಮುತ್ತಿನ ವ್ಯಾಪಾರಿ. ಡಚ್ ವೆಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲೊಬ್ಬ. 1629ರಲ್ಲಿ ಕಂಪನಿ ಒಂದು ಸನದು ಹೊರಡಿಸಿತು. ಅಮೆರಿಕದ ತನ್ನ ವಸಾಹತಿಗೆ ನಾಲ್ಕು ವರ್ಷದೊಳಗೆ 50 ಜನರನ್ನು ಕರೆತಂದು ನೆಲೆಗೊಳಿಸಿದವರಿಗೆ ವಂಶಪಾರಂಪರ್ಯವಾಗಿ ಜಮೀನು, ಜೊತೆಗೆ ನ್ಯಾಯ ಹೇಳುವ ಅಧಿಕಾರ. ಅಂಥ ಒಡೆಯನಿಗೆ ‘ಪಟ್ರೂನ್’ ಅನ್ನುತ್ತಿದ್ದರು. ಮರುವರ್ಷವೇ ಕಿಲಿಯನ್‌ನ ಏಜೆಂಟರು ಅಲ್ಲಿನ ಮೂಲನಿವಾಸಿಗಳಾದ ಮೊಹಿಕನ್ ಜನರಿಂದ, ಈಗಿನ ಆಲ್ಬನಿಯ ಸುತ್ತ, ನೆಲ ಕೊಂಡರು. ರೆನ್ಸೆಲೇರ್ಸ್‌ವೈಕ್ ಅನ್ನುವ ಜಮೀನ್ದಾರಿ ಹುಟ್ಟಿದ್ದು ಹಾಗೆ. ಕಿಲಿಯನ್ ಮಾತ್ರ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಪತ್ರ ಬರೆದೇ ಆಳಿದ. 1664ರಲ್ಲಿ ಇಂಗ್ಲಿಷರು ಆ ಸೀಮೆಯನ್ನು ಗೆದ್ದರು, ಆದರೂ ಒಡೆತನ ಮನೆತನದ ಕೈತಪ್ಪಲಿಲ್ಲ.

ಅಮೆರಿಕ ಸ್ವತಂತ್ರವಾದ ಮೇಲೂ ಇದು ನಡೆದೇ ಇತ್ತು. ಆಗಿನ ಒಡೆಯ ಮೂರನೇ ಸ್ಟೀಫನ್. ಟ್ರಾಯ್‌ನ ಕಾಲೇಜು ಶುರುವಾಗಿದ್ದು ಇವನ ದುಡ್ಡಿನಿಂದ. ಜನ ಇವನನ್ನು ‘ಒಳ್ಳೆಯ ಪಟ್ರೂನ್’ ಅನ್ನುತ್ತಿದ್ದರು. ಏಳು ವರ್ಷ ಗೇಣಿ ಬೇಡ, ಕಾಡು ಕಡಿದು ಬೇಸಾಯ ಮಾಡಿ ಅಂತ ರೈತರನ್ನು ಕರೆದ. ಆಮೇಲೆ ಬಂತು ನೋಡಿ ಶಾಶ್ವತ ಗೇಣಿ ಪತ್ರ: ನೂರು ಎಕರೆಗೆ ವರ್ಷಕ್ಕೆ 10ರಿಂದ 14 ಬುಷೆಲ್ (ಒಂದು ಬುಷೆಲ್ ಅಂದರೆ ಸುಮಾರು 27 ಕೆಜಿ) ಗೋಧಿ, ನಾಲ್ಕು ಕೊಬ್ಬಿದ ಕೋಳಿ, ಕುದುರೆ ಗಾಡಿ ಸಮೇತ ಒಂದು ದಿನದ ಬಿಟ್ಟಿ ದುಡಿಮೆ. ಗೇಣಿದಾರ ತನ್ನ ಹಕ್ಕನ್ನು ಮಾರಿದರೆ, ಬಂದ ದುಡ್ಡಿನ ಕಾಲು ಭಾಗವೂ ಒಡೆಯನಿಗೇ. ಮನೆ, ಕೊಟ್ಟಿಗೆ ಕಟ್ಟಿ ನೆಲದ ಬೆಲೆ ಏರಿಸಿದವನು ರೈತ, ಅಲ್ವಾ? ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುವುದು ಈ ಕಾಲು ಭಾಗವೇ.

ಬಾಕಿ ಗೇಣಿಗೆ ಸ್ಟೀಫನ್ ಒತ್ತಾಯ ಮಾಡುತ್ತಿರಲಿಲ್ಲ. ಹಾಗಂತ ಮನ್ನಾ ಮಾಡಿದ್ದೂ ಇಲ್ಲ. 1839ರಲ್ಲಿ ಅವನು ತೀರಿಕೊಂಡಾಗ ಬಾಕಿ ಸುಮಾರು 4 ಲಕ್ಷ ಡಾಲರ್ ಆಗಿತ್ತು. ಅದನ್ನು ವಸೂಲಿ ಮಾಡಿ ತನ್ನ ಸಾಲ ತೀರಿಸಿ ಅಂತ ಉಯಿಲಿನಲ್ಲಿ ಬರೆದಿದ್ದ. ಅವನು ತೋರಿದ ಔದಾರ್ಯವೆಲ್ಲ ರೈತರ ತಲೆ ಮೇಲೆ ಸಾಲವಾಗಿ ಕೂತಿತು.

ಈ ಜಮೀನ್ದಾರಿಯೊಳಗಿನ ಹೆಲ್ಡರ್‌ಬರ್ಗ್ ಬೆಟ್ಟದ ರೈತರು ಗೇಣಿ ಕೊಡಲ್ಲ ಅಂದರು. ಆ ವರ್ಷದ ಜುಲೈ 4ರಂದು, ಸ್ವಾತಂತ್ರ್ಯ ದಿನದಂದೇ, ಬರ್ನ್ ಊರಿನಲ್ಲಿ ಸಭೆ ಸೇರಿದರು. ವಸೂಲಿಗೆ ಶೆರಿಫ್ (ಕೌಂಟಿಯ ಕಾನೂನು ಅಧಿಕಾರಿ) ಬಂದರೆ ಊಟಕ್ಕೆ ಕರೆಯುವ ತಗಡಿನ ಕಹಳೆ ಊದಿ ಸುತ್ತಲಿನವರನ್ನು ಕೂಡಿಸುತ್ತಿದ್ದರು. ಗುರುತು ಸಿಗದಂತೆ ಚೀಟಿ ಬಟ್ಟೆಯ ನಿಲುವಂಗಿ, ಕುರಿ ಚರ್ಮದ ಮುಖವಾಡ ಹಾಕುತ್ತಿದ್ದರು. ಇದೇ ಗೇಣಿ ವಿರೋಧಿ ಹೋರಾಟ.

1846ರ ನ್ಯೂಯಾರ್ಕ್ ಸಂವಿಧಾನ ಕೃಷಿ ಭೂಮಿಯ ಗೇಣಿಗೆ 12 ವರ್ಷದ ಮಿತಿ ಹಾಕಿತು. ಆದರೆ ಅದು ಹೊಸ ಪತ್ರಗಳಿಗೆ ಮಾತ್ರ. ಮನೆತನ ತನ್ನ ಹಳೆಯ ಹಕ್ಕುಗಳನ್ನು ಮೆಲ್ಲಗೆ ಮಾರಿಕೊಂಡಿತು. ಕೆಲವು ರೈತರು ತಮ್ಮ ಹೊಲ ತಾವೇ ಕೊಂಡರು. ಉಳಿದವರ ಗೇಣಿ ಹಕ್ಕು ಬೇರೆಯವರ ಪಾಲಾಯಿತು. ಕೊಂಡವರು ಬಾಕಿ ಕೇಳಿ ಮತ್ತೆ ಕೋರ್ಟು ಹತ್ತಿದರು.