ಪ್ಫಂಡ್‌ಬ್ರೀಫ್ ಒಳಗೆ ‘ಫಂಡ್’ ಇದೆಯಾ?

ಪ್ರಶ್ನೆ: ಯುರೋಪಿನ ಬ್ಯಾಂಕ್ ಸುದ್ದಿಗಳಲ್ಲಿ ‘ಪ್ಫಂಡ್‌ಬ್ರೀಫ್’ ಅನ್ನೋ ಜರ್ಮನ್ ಪದ ಬರುತ್ತದೆ. ಇದೂ ಮ್ಯೂಚುವಲ್ ಫಂಡ್ ಥರಾನಾ? ಪದ ಬಂದಿದ್ದು ಎಲ್ಲಿಂದ?

ಉತ್ತರ: ಫಂಡ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಕನ್ನಡದಲ್ಲಿ ಬರೆದಾಗ ಸುಮ್ನೆ ಹಾಗೆ ಕಾಣುತ್ತದೆ. ಜರ್ಮನರ ಬಾಯಲ್ಲಿ ಅದು ‘ಪ್ಫಂಟ್’. ಅರ್ಥ ಒತ್ತೆ, ಅಡವು.

ಜರ್ಮನಿಗೆ ಓದಲು ಹೋದ ನಮ್ಮ ಹುಡುಗರಿಗೆ ಈ ಪದ ಚೆನ್ನಾಗಿ ಗೊತ್ತು. ಅಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರು ಕೊಂಡರೆ ಬೆಲೆಯ ಮೇಲೆ 25 ಸೆಂಟ್ ಜಾಸ್ತಿ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗಿಟ್ಟರೆ ಒಳಗೆಳೆದುಕೊಂಡು ಚೀಟಿ ಕೊಡುತ್ತದೆ. ಚೀಟಿ ತೋರಿಸಿದರೆ ದುಡ್ಡು ವಾಪಸ್. ಆ 25 ಸೆಂಟೇ ಪ್ಫಂಡ್.

‘ಬ್ರೀಫ್’ ಅಂದರೆ ಟಪಾಲಿನಲ್ಲಿ ಬರುವ ಕಾಗದ. ಮೂಲ ಲ್ಯಾಟಿನ್, ‘ಚಿಕ್ಕದು’ ಎಂಬ ಅರ್ಥದ ಪದ. ಹಣಕಾಸಿನಲ್ಲಿ ಮಾತ್ರ ಅದು ದಸ್ತಾವೇಜು. ನಮ್ಮ ‘ಪತ್ರ’ವೂ ಹೀಗೇ ಅಲ್ವಾ? ಅಜ್ಜಿ ಬರೆದದ್ದೂ ಪತ್ರ, ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ರಯಪತ್ರವೂ ಪತ್ರ. ಹಾಗಾಗಿ ಪ್ಫಂಡ್‌ಬ್ರೀಫ್ ಅಂದರೆ ಅಡಮಾನ ಪತ್ರ.

ಪದ ಹಳೆಯದು. ಈಗಿನ ಅರ್ಥ ಬಂದದ್ದು ಪ್ರಷ್ಯಾ ಎಂಬ ಹಳೆಯ ಜರ್ಮನ್ ರಾಜ್ಯದಲ್ಲಿ. ಏಳು ವರ್ಷಗಳ ಯುದ್ಧ (1756–63) ಸೈಲೀಸಿಯಾ ಪ್ರಾಂತ್ಯವನ್ನು ಹಿಂಡಿಹಾಕಿತ್ತು. ಅಲ್ಲಿನ ಜಮೀನ್ದಾರರ ಹತ್ತಿರ ಭೂಮಿ ಇತ್ತು, ಕಾಸಿರಲಿಲ್ಲ. ಸಾಲ ಹುಟ್ಟುತ್ತಿರಲಿಲ್ಲ. ಬ್ಯೂರಿಂಗ್ ಎಂಬ ಬರ್ಲಿನ್ ವ್ಯಾಪಾರಿ ಒಂದು ಉಪಾಯ ಹೇಳಿದ. ದೊರೆ ಎರಡನೇ ಫ್ರೆಡ್ರಿಕ್ 1769ರ ಆಗಸ್ಟ್‌ನಲ್ಲಿ ಆಜ್ಞೆ ಹೊರಡಿಸಿದ. ಜಮೀನ್ದಾರರದೇ ಒಂದು ಸಂಘ, ಹೆಸರು ‘ಲಾಂಡ್‌ಶಾಫ್ಟ್’. ಜಮೀನು ಅಡವಿಟ್ಟರೆ ಸಂಘ ಪ್ಫಂಡ್‌ಬ್ರೀಫ್ ಹೊರಡಿಸುತ್ತಿತ್ತು, ಅದನ್ನು ಕೊಂಡವರ ದುಡ್ಡೇ ಜಮೀನ್ದಾರನಿಗೆ ಸಾಲ. ಯಾವ ಜಮೀನು ಅಡವಿದೆ ಅನ್ನೋದು ಪತ್ರದ ಮೇಲೇ ಇರುತ್ತಿತ್ತು. ಆದರೆ ಅದರ ಯಜಮಾನ ಕೈಯೆತ್ತಿದರೆ ಹೊಣೆ ಇಡೀ ಸಂಘದ್ದು. ನಮ್ಮ ಮಹಿಳಾ ಸಂಘಗಳಲ್ಲಿ ಒಬ್ಬರು ಕಂತು ತಪ್ಪಿಸಿದರೆ ಉಳಿದವರ ತಲೆಗೆ ಬರುತ್ತದಲ್ಲ, ಹಾಗೆ. ಇವರು ದೊಡ್ಡ ಕುಳಗಳು, ಅಷ್ಟೇ ವ್ಯತ್ಯಾಸ.

ಇದರಿಂದ ಸಾಲ ಕೊಟ್ಟವನಿಗೆ ಸಾಲಗಾರನ ಮುಖ ನೋಡುವ ಅಗತ್ಯವೇ ಉಳಿಯಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿರುತ್ತಿದ್ದ ಅಡಮಾನ ಪತ್ರ, ಬಡ್ಡಿ ತರುವ ಬಾಂಡ್ ಆಗಿ ಕೈಯಿಂದ ಕೈಗೆ ಓಡಾಡತೊಡಗಿತು.

ಈಗ ಇದನ್ನು ಬ್ಯಾಂಕುಗಳು ಹೊರಡಿಸುತ್ತವೆ. ಅದರ ಬೆನ್ನಿಗೆ ಅಡವಾಗಿ ಮುಖ್ಯವಾಗಿ ಮನೆ, ಕಟ್ಟಡಗಳ ಮೇಲೆ ಬ್ಯಾಂಕ್ ಕೊಟ್ಟ ಸಾಲ ಇರುತ್ತದೆ. ಆದರೆ ಆಸ್ತಿಯ ಬೆಲೆಯಲ್ಲಿ 60%ವರೆಗಿನ ಸಾಲ ಮಾತ್ರ ಲೆಕ್ಕಕ್ಕೆ. ಆ ಬೆಲೆಯೂ ಇವತ್ತಿನ ಮಾರುಕಟ್ಟೆ ದರವಲ್ಲ, ಬ್ಯಾಂಕ್ ಕೈ ಬಿಗಿಹಿಡಿದು ಕಟ್ಟಿದ ಬೆಲೆ.